ಮಾಳಿಗೆ ಮೇಲಿನ ಟೊಮೆಟೊ, ಮಂಡೂರಿನ ಕಸ

ಮೊನ್ನೆ ಬಂಡ್ರಿಯ ಚಹಾ ಅಂಗಡಿಯಲ್ಲಿ ಬೆಂಗಳೂರಿನ ಟೆರೇಸ್ ತೋಟದ ವಿಡಿಯೋ ತೋರಿಸಿದೆವು. ಟೊಮೆಟೊ ಬೆಳೆಯುವ ಅಣ್ಣ ಒಬ್ಬರು ಸಿಟ್ಟಾದರು: "ಪ್ಯಾಟೆ ಮಂದಿ ಮಾಳಿಗೆ ಮ್ಯಾಲೆ ಬೆಳ್ಕಂಡ್ರೆ ನಮ್ ಟೊಮೆಟೊ ಯಾರು ತಗಂತಾರಪ್ಪ?"

ಸಿಟ್ಟು ನ್ಯಾಯವೇ, ಗುರಿ ಮಾತ್ರ ತಪ್ಪಿದೆ. ಹತ್ತಿಪ್ಪತ್ತು ಕುಂಡದ ಬೆಳೆ ಒಂದು ಮನೆಯ ಸಾರಿಗೆ ಆದರೆ ಹೆಚ್ಚು. ನಮ್ಮ ದರ ಬೀಳಿಸುವವರು ಬೇರೆ ಇದ್ದಾರೆ, ಆ ಮಾತು ಇನ್ನೊಂದು ದಿನಕ್ಕಿರಲಿ. ನಾವು ನೋಡಬೇಕಾದದ್ದು ಕುಂಡದಲ್ಲಿ ಬಿಟ್ಟ ಕಾಯಿಯನ್ನಲ್ಲ, ಕುಂಡಕ್ಕೆ ಹಾಕಿದ ಗೊಬ್ಬರವನ್ನು.

ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ತರಕಾರಿ ಸಿಪ್ಪೆ, ಉಳಿದ ಅನ್ನ, ಎಲೆ. ಅದನ್ನು ವರ್ಷಗಟ್ಟಲೆ ಪ್ಲಾಸ್ಟಿಕ್ ಜೊತೆ ಕಲಸಿ ಲಾರಿಗೆ ತುಂಬಿ ಹಳ್ಳಿಗಳಲ್ಲಿ ಸುರಿದರು. ಯಲಹಂಕ ಕಡೆಯ ಮಾವಳ್ಳಿಪುರದ ಜನ ತಿರುಗಿಬಿದ್ದ ಮೇಲೆ 2012ರಲ್ಲಿ ಅಲ್ಲಿ ನಿಂತಿತು. ಹೊರೆ ಮಂಡೂರಿಗೆ ಬಿತ್ತು. ನೊಣ, ನಾತ, ಕೆಟ್ಟ ನೀರು ಸಹಿಸಿ ಸಾಕಾದ ಮಂಡೂರಿನವರು 2014ರಲ್ಲಿ ಲಾರಿ ತಡೆದರು. ವರ್ಷದ ಕೊನೆಗೆ ಅಲ್ಲೂ ನಿಂತಿತು. ಲಾರಿ ನಿಂತಾಗಲೇ ನಗರದವರ ಮೂಗಿಗೆ ತಮ್ಮ ಕಸದ ವಾಸನೆ ಬಡಿದದ್ದು.

ಡಾ. ಬಿ.ಎನ್. ವಿಶ್ವನಾಥ್ ಅವರಂಥ ಕೃಷಿ ವಿಜ್ಞಾನಿಗಳು ಅದಕ್ಕೂ ಮೊದಲೇ ಟೆರೇಸ್ ತೋಟ ಕಲಿಸುತ್ತಿದ್ದರು. 2011ರಲ್ಲಿ 'ಊಟ ಫ್ರಮ್ ಯುವರ್ ತೋಟ' ಎಂಬ ಸಂತೆ ಶುರುವಾಯಿತು. ಬೀಜ, ಕುಂಡದ ಜೊತೆ ಅಡುಗೆಮನೆ ಕಸ ಗೊಬ್ಬರವಾಗುವ ಡಬ್ಬಿಯನ್ನೂ ಅಲ್ಲಿ ಮಾರುತ್ತಾರೆ. (ನಾವು ಮೂಗು ಮುಚ್ಚಿಕೊಂಡು ಹಿತ್ತಲಿಂದ ಎತ್ತಿಸಿದ ತಿಪ್ಪೆಗೆ ಅಲ್ಲಿ ಕಾಂಪೋಸ್ಟ್ ಅಂತ ಹೆಸರು, ದುಡ್ಡು ಬೇರೆ!)

ಆದರೆ ಟೆರೇಸ್ ಇರುವುದು ಮನೆ ಮಾಲೀಕನಿಗೆ. ಒಂದೇ ಕೋಣೆಯಲ್ಲಿ ಬಾಡಿಗೆಗಿರುವ, ನಮ್ಮೂರಿಂದಲೇ ದುಡಿಯಲು ಹೋದವರು ಕುಂಡ ಎಲ್ಲಿಡಬೇಕು? ಅದಕ್ಕೇ ತೋಟ ಹತ್ತು ಮನೆಗೆ ಸೇರಿದ್ದಾಗಬೇಕು. ಪಾರ್ಕಿನಲ್ಲಿ ಹುಲ್ಲು ಬೆಳೆಸಿ "ಹುಲ್ಲಿನ ಮೇಲೆ ನಡೆಯಬೇಡಿ" ಎಂದು ಬೋರ್ಡು ಹಾಕಲು ಜಾಗವಿದೆ, ಒಂದು ಮೂಲೆಯಲ್ಲಿ ಗೊಬ್ಬರದ ಗುಂಡಿ, ನಾಲ್ಕು ಮಡಿ ಸೊಪ್ಪಿಗೆ ಜಾಗವಿಲ್ಲವೇ?

ಹೊಸಪೇಟೆ, ಸಂಡೂರು, ಕಂಪ್ಲಿಯವರಿಗೂ ಇದೇ ಪ್ರಶ್ನೆ. ಹೊಲಗಳು ಲೇಔಟ್ ಆಗುತ್ತಿವೆ. ನಕ್ಷೆಯಲ್ಲಿ ಪಾರ್ಕ್ ಅಂತ ಬರೆದ ಜಾಗವನ್ನು ಜಾಲಿಗಿಡಕ್ಕೆ ಬಿಡುವ ಬದಲು ಆ ಬಡಾವಣೆಯ ಮಹಿಳಾ ಸಂಘಕ್ಕೆ ಒಂದೊಂದು ಗುಂಟೆ ಕೊಡಿ. ಅಲ್ಲಿಯ ಹಸಿ ಕಸ ಅಲ್ಲೇ ಮಣ್ಣಾಗಲಿ. ನಗರಸಭೆ, ಪುರಸಭೆ ಸದಸ್ಯರು ಈ ಬಾರಿ ಓಟು ಕೇಳಲು ಬಂದಾಗ, ಅಲ್ಲಿರುವ ನಿಮ್ಮ ಬೀಗರು, ಮಕ್ಕಳಿಂದ ಇದನ್ನೇ ಕೇಳಿಸಿ. ಅಣ್ಣ ಎದ್ದು ಹೋಗುವಾಗ ಕೇಳಿದ್ದೂ ಇಷ್ಟೇ: "ಹಂಗಾರೆ ಹೊಸಪೇಟೆ ಬೆಳೆದ್ರೆ ಅದ್ರ ಲಾರಿ ಯಾವೂರಿಗೆ ಬರ್ತಾವು?"