ಕೇಳದೆ ಮಾರಿದ ಸಂಜೆಗಳು

2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿ ಭಾರತದಲ್ಲಿನ ತಮ್ಮ ಟಿವಿ ವ್ಯವಹಾರವನ್ನು ಒಂದು ಮಾಡಿಕೊಂಡವು. ಹೊಸ ಕಂಪನಿಯ ಬೆಲೆ 70,352 ಕೋಟಿ ರೂಪಾಯಿ ಎಂದು ಅವರೇ ಲೆಕ್ಕ ಕೊಟ್ಟರು. ಅಂದಿನಿಂದ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಒಂದೇ ಮನೆಯ ಸೊತ್ತು. ಸಂಜೆಯಾದರೆ ನೋಡುಗರಿಗಾಗಿ ಜುಟ್ಟು ಹಿಡಿದು ಜಗಳಾಡುತ್ತಿದ್ದ ಎರಡು ವಾಹಿನಿಗಳು ಒಬ್ಬನೇ ಯಜಮಾನನ ಎರಡು ಅಂಗಡಿಗಳಾದವು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಳಗಿಯಲ್ಲಿ, ಅಂಬಿಕಾನಗರದಲ್ಲಿ, ಜೊಯಿಡಾದಲ್ಲಿ ಡಿಶ್ ಇರುವ ಮನೆಗಳಲ್ಲಿ ಅಂದು ರಾತ್ರಿಯೂ ಸೀರಿಯಲ್ ನಡೆದೇ ಇತ್ತು. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಅನಿಸಲೇ ಇಲ್ಲ. ನನ್ನ ಸಿಟ್ಟೆಲ್ಲ ಈ ಎರಡನೆಯ ಮಾತಿನ ಮೇಲೆ.

ಈ ಸೀಮೆಗೆ ಇದು ಹೊಸ ಅನುಭವವೇನಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಿನಡಿ ಹೋಯಿತು, ಜನ ರಾಮನಗರಕ್ಕೆ ಗಂಟುಮೂಟೆ ಕಟ್ಟಿದರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿದ್ದರೆಂದು ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರ ಅದೇ ಬಿದಿರಿಗೆ ಪೇಟೆಯ ದರ ತೆರುತ್ತಿದ್ದ. ಬಿದಿರು ಖಾಲಿಯಾಯಿತು. ಕಾರ್ಖಾನೆ ಬೇರೆ ಕಡೆಯಿಂದ ಮರ ತರಿಸಿಕೊಂಡಿತು, ಮೇದಾರನಿಗೆ ತರಿಸಿಕೊಳ್ಳಲು ಬೇರೆ ಕಡೆ ಇರಲಿಲ್ಲ. ಸರಕಾರದ ಲೆಕ್ಕದಲ್ಲಿ ಅಂದು ಬಿದಿರು ಪುಕ್ಕಟೆ ಮಾಲು. ಕಂಪನಿಗಳ ಲೆಕ್ಕದಲ್ಲಿ ಇಂದು ನಮ್ಮ ಸಂಜೆ ಹೊತ್ತು ಅಂಥದೇ ಮಾಲು.

ಕಲರ್ಸ್ ಕನ್ನಡದ ಮೊದಲ ಹೆಸರು ಈಟಿವಿ. ರಾಮೋಜಿ ರಾಯರು ಅದನ್ನು 2000ದ ಡಿಸೆಂಬರ್ 10ರಂದು ಆರಂಭಿಸಿದರು. ಅವರೂ ಧರ್ಮಕ್ಕೆ ಛತ್ರ ಕಟ್ಟಿದವರಲ್ಲ, ವ್ಯಾಪಾರಿಯೇ. ಆದರೂ ಅಲ್ಲಿ ರೈತರಿಗೆ ‘ಅನ್ನದಾತ’ ಇತ್ತು, ಜಿಲ್ಲೆಗಳ ಸುದ್ದಿ ಇತ್ತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳ ತಪ್ಪು ಶ್ರುತಿಯನ್ನು ಬೆನ್ನು ತಟ್ಟಿ ತಿದ್ದುತ್ತಿದ್ದ ‘ಎದೆ ತುಂಬಿ ಹಾಡುವೆನು’ ಇತ್ತು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ಯಲ್ಲಿ ಮಂದಿ ಉತ್ತರ ಕರ್ನಾಟಕದ ಮಾತನ್ನೇ ಆಡುತ್ತಿದ್ದರು, ಅದೂ ನಗಿಸುವುದಕ್ಕಲ್ಲ, ಬದುಕುವುದಕ್ಕೆ. ಹಳಿಯಾಳದ ಹೆಣ್ಣುಮಗಳಿಗೆ ತನ್ನ ನಾಲಿಗೆ ಟಿವಿಯಲ್ಲಿ ಕೇಳಿಸಿದ್ದು ಆಗ. ಈಗಿನ ಸೀರಿಯಲ್ಲುಗಳಲ್ಲಿ ಈ ಮಾತು ಬಂದರೆ ಹೆಚ್ಚಿನ ಸಲ ಅಡುಗೆಯವನ ಬಾಯಲ್ಲಿ, ಇಲ್ಲವೇ ಪೆದ್ದನ ಬಾಯಲ್ಲಿ.

2012ರ ಜನವರಿಯಲ್ಲಿ ರಿಲಯನ್ಸ್ ಹಣದ ಬಲದಿಂದ ನೆಟ್‌ವರ್ಕ್18 ಈಟಿವಿಯ ವಾಹಿನಿಗಳಿಗೆ ಬೆಲೆ ಕಟ್ಟಿತು. 2014ರಲ್ಲಿ ನೆಟ್‌ವರ್ಕ್18 ಕೂಡ ರಿಲಯನ್ಸ್ ಹಿಡಿತಕ್ಕೆ ಹೋಯಿತು, ಅದನ್ನು ಕಟ್ಟಿದವರೇ ಹೊರಬಿದ್ದರು. 2015ರ ಏಪ್ರಿಲ್‌ನಲ್ಲಿ ಈಟಿವಿಯ ಹೆಸರೂ ಬದಲಾಯಿತು. ಸುವರ್ಣದ್ದೂ ಇಂಥದೇ ಕಥೆ. 2007ರಲ್ಲಿ ಏಷ್ಯಾನೆಟ್‌ನವರು ಶುರು ಮಾಡಿದರು, ಮರುವರ್ಷ ಮರ್ಡಾಕ್‌ರ ಸ್ಟಾರ್ ಬಂತು, 2019ರಲ್ಲಿ ಡಿಸ್ನಿ ಬಂತು, ಈಗ ಅಂಬಾನಿ. ಹಣದ ಚೀಲ ಕೈಯಿಂದ ಕೈಗೆ ಹೋಗುವಾಗ ಚೀಲದೊಳಗೆ ನಮ್ಮ ಮಾತೂ ಇತ್ತೆಂಬುದು ಕೊಟ್ಟವರಿಗೂ ತಿಳಿಯಲಿಲ್ಲ, ಕೊಂಡವರಿಗೂ.

ಒಂದು ಕಾನೂನಿನ ವಿಷಯ ಹೇಳುತ್ತೇನೆ, ನನಗೆ ಇದರಷ್ಟು ಉರಿ ಹುಟ್ಟಿಸುವುದು ಬೇರೊಂದಿಲ್ಲ. ಈ ದೇಶದಲ್ಲಿ ಪುಸ್ತಕ ಅಚ್ಚಾದರೆ 1954ರ ಕಾಯ್ದೆಯ ಪ್ರಕಾರ ಅದರ ಪ್ರತಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಲೇಬೇಕು. ಟಿವಿಯಲ್ಲಿ ಬಿತ್ತರವಾದದ್ದನ್ನು ವಾಹಿನಿ ಇಟ್ಟುಕೊಳ್ಳಬೇಕಾದದ್ದು 90 ದಿನ. ಅದೂ ಯಾರಾದರೂ ದೂರು ಕೊಟ್ಟರೆ ತೋರಿಸಲೆಂದು. ಆಮೇಲೆ ಇಡುವುದು, ಅಳಿಸುವುದು, ಗೋದಾಮಿನಲ್ಲಿ ಕೊಳೆಸುವುದು, ಎಲ್ಲ ಯಜಮಾನನ ಮರ್ಜಿ. ಆತ ಮಾರಿದರೆ ಹೊಸ ಯಜಮಾನನ ಮರ್ಜಿ. ಇಪ್ಪತ್ತು ವರ್ಷದ ಹಿಂದೆ ಕಾರವಾರದಲ್ಲಿ, ಮುಂಡಗೋಡದಲ್ಲಿ ಚಿತ್ರೀಕರಿಸಿದ ಸುದ್ದಿಯ ತುಣುಕು ಬೇಕೆಂದು ನಾಳೆ ಚರಿತ್ರೆ ಬರೆಯುವವಳೊಬ್ಬಳು ಹೊರಟರೆ ಯಾರ ಬಾಗಿಲು ತಟ್ಟಬೇಕು? ಮುಂಬಯಿಯದೋ, ಹೈದರಾಬಾದಿನದೋ?

‘ಬೇಡವಾದರೆ ರಿಮೋಟ್ ಒತ್ತಿ’ ಎನ್ನುವ ಜಾಣರಿದ್ದಾರೆ. ಒತ್ತಿ ಹೋಗುವುದೆಲ್ಲಿಗೆ? 2018ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಹಾಥ್‌ವೇ ಮತ್ತು ಡೆನ್ ಕೇಬಲ್ ಕಂಪನಿಗಳ ಬಹುಪಾಲನ್ನು ಕೊಳ್ಳುವುದಾಗಿ ಸಾರಿತು. ಮೊಬೈಲ್ ಸಿಮ್ ಅವರದು, ಕೇಬಲ್ಲು ಅವರದು, ವಾಹಿನಿ ಅವರದು, ಟಿವಿ ಬಿಟ್ಟು ಮೊಬೈಲ್ ಹಿಡಿದರೆ ಜಿಯೋಹಾಟ್‌ಸ್ಟಾರ್ ಎಂಬ ಆ್ಯಪೂ ಅವರದು. ‘ಯಾವ್ದ ಹಚ್ಚಿದ್ರೂ ಅವರ ಮನೀನ ಐತಲ್ರೀ’ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ದಾಂಡೇಲಿ, ಹಳಿಯಾಳದಂಥ ಊರುಗಳ ಕೇಬಲ್ಲಿನವರು ಮೊದಲು ಗಣಪತಿ ಮೆರವಣಿಗೆಯನ್ನೂ ಶಾಲೆಯ ಗ್ಯಾದರಿಂಗನ್ನೂ ತೋರಿಸುತ್ತಿದ್ದರು. 2017ರ ಮಾರ್ಚ್ 31ರೊಳಗೆ ಹಳ್ಳಿಹಳ್ಳಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು, ಸಣ್ಣವರ ಬೆನ್ನು ಮುರಿಯಿತು.

ಭಾರತೀಯ ಸ್ಪರ್ಧಾ ಆಯೋಗ 2024ರ ಆಗಸ್ಟ್‌ನಲ್ಲಿ ಈ ವಿಲೀನಕ್ಕೆ ಒಪ್ಪಿಗೆ ಕೊಟ್ಟಿತು. ಅದರ ದೊಡ್ಡ ತಲೆಬಿಸಿ ಕ್ರಿಕೆಟ್ಟು. ಪಂದ್ಯದ ಜಾಹೀರಾತು ದರ ಏರಿದರೆ ಸೋಪು ಮಾರುವ ಕಂಪನಿಗೆ ನಷ್ಟವಾದೀತು, ಅದನ್ನು ತಡೆಯುವ ಮಾತು ಪಡೆದರು. ಕೆಲವು ಚಾನೆಲ್ಲುಗಳನ್ನು ಬಿಟ್ಟುಕೊಡಿ ಎಂದರು. ಜೊಯಿಡಾದ ಕುಣಬಿ ಸಮುದಾಯದವರ ಕಥೆಯನ್ನು ಇನ್ನು ಯಾರು ತೋರಿಸಬೇಕು ಎಂಬುದು ಸ್ಪರ್ಧೆಯ ಪ್ರಶ್ನೆಯಲ್ಲವಂತೆ. ಟಿಆರ್‌ಪಿ ಅಳೆಯುವ ಪೆಟ್ಟಿಗೆ ದೇಶದಲ್ಲಿ ಇರುವುದು ಸುಮಾರು 58 ಸಾವಿರ ಮನೆಗಳಲ್ಲಿ, ಟಿವಿ ಇರುವುದು ಸುಮಾರು 23 ಕೋಟಿ ಮನೆಗಳಲ್ಲಿ. ಹುಲಿ ಕಾಡಿನ ಅಂಚಿನ ಮನೆಯವಳು ಟಿವಿ ನೋಡಿದರೂ ಲೆಕ್ಕಕ್ಕಿಲ್ಲ, ಆರಿಸಿದರೂ ಲೆಕ್ಕಕ್ಕಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಣ್ಣಿನಡಿ ನಮ್ಮ ಚಹಾದಂಗಡಿಯ ಸಂಸಾರವೂ ಹೋಯಿತು, ಕೇರಳದ ಲಾರಿ ಚಾಲಕನೂ ಹೋದ. ಮಲಯಾಳದ ವಾಹಿನಿಗಳು ವಾರಗಟ್ಟಲೆ ಗಂಗಾವಳಿ ನದಿಯ ದಡ ಬಿಟ್ಟು ಕದಲಲಿಲ್ಲ. ಕೊನೆಗೆ ಸೆಪ್ಟೆಂಬರ್‌ನಲ್ಲಿ ಡ್ರೆಜ್ಜರ್ ಬಂದು ಲಾರಿಯನ್ನು ಮೇಲೆತ್ತಿತು. ಕನ್ನಡದವರು ಬರಲಿಲ್ಲವೆನ್ನುವುದಿಲ್ಲ, ಬಂದರು. ಆದರೆ ಆ ಜುಲೈನಲ್ಲಿ ಅವರಿಗೆ ಸಿನಿಮಾ ನಟನೊಬ್ಬನ ಜೈಲೂಟದ ಚಿಂತೆ ಬೇರೆ ಇತ್ತು. ಕೇರಳದಲ್ಲಿ 2000ದಲ್ಲೇ ಲಕ್ಷಾಂತರ ಸಣ್ಣ ಷೇರುದಾರರ ದುಡ್ಡಿನಿಂದ ಕೈರಳಿ ವಾಹಿನಿ ನಿಂತಿತು. ಅದರ ಹಿಂದೆ ಒಂದು ಪಕ್ಷವಿದೆ, ನಿಜ. ನಮ್ಮಲ್ಲಿ ಪಕ್ಷದವರೂ ತಮ್ಮ ಮನೆತನಕ್ಕೆಂದೇ ಚಾನೆಲ್ ಮಾಡಿದರು.

ದೂರದ ಆಸ್ಟ್ರೇಲಿಯಾದಲ್ಲೂ ಇದೇ ಹಾಡು. 1987ರಲ್ಲಿ ಅಲನ್ ಬಾಂಡ್ ಎಂಬ ಶ್ರೀಮಂತ ನೈನ್ ವಾಹಿನಿಯನ್ನು ಕೆರಿ ಪ್ಯಾಕರ್‌ನಿಂದ ನೂರು ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಕೊಂಡು ಸಾಲದಲ್ಲಿ ಮುಳುಗಿದ. ಮೂರು ವರ್ಷದಲ್ಲಿ ಪ್ಯಾಕರ್ ಅದನ್ನೇ ತೀರ ಅಗ್ಗಕ್ಕೆ ಮರಳಿ ಪಡೆದ. 2017ರಲ್ಲಿ ಅಲ್ಲಿಯ ಸರಕಾರ ಮಾಲೀಕತ್ವದ ಕಟ್ಟುಪಾಡು ಸಡಿಲಿಸಿತು, ಮರುವರ್ಷವೇ ನೈನ್ ಫೇರ್‌ಫ್ಯಾಕ್ಸ್ ಪತ್ರಿಕಾ ಸಂಸ್ಥೆಯನ್ನು ನುಂಗಿತು. 2019ರಲ್ಲಿ ವಿನ್ ಎಂಬ ಪ್ರಾಂತೀಯ ವಾಹಿನಿ ಆಲ್ಬರಿ, ಆರೆಂಜ್‌ನಂಥ ಊರುಗಳ ಸುದ್ದಿಮನೆಗಳಿಗೆ ಬೀಗ ಹಾಕಿತು. ಅಲ್ಲಿ ಅಷ್ಟಾದರೂ ಕಟ್ಟುಪಾಡು ಇತ್ತು, ಸಡಿಲಿಸಲಿಕ್ಕೆ. ನಮ್ಮಲ್ಲಿ ಪತ್ರಿಕೆ, ಟಿವಿ, ರೇಡಿಯೊ ಮೂರನ್ನೂ ಒಬ್ಬನೇ ಹಿಡಿಯಬಾರದೆಂಬ ಕಾನೂನೇ ಹುಟ್ಟಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2014ರಲ್ಲಿ ಅಂಥ ಕಾನೂನಿಗೆ ಶಿಫಾರಸು ಮಾಡಿತು, ದೆಹಲಿ ಅದನ್ನು ಓದಿ ಕಪಾಟಿಗೆ ಹಾಕಿತು.

ಇನ್ನು ನಮ್ಮದೇ ಎನ್ನುವ ಆಕಾಶವಾಣಿ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಹುಟ್ಟಿತು, ಬೇಂದ್ರೆಯವರು ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಹೇಳುವ ಹಕ್ಕಿಲ್ಲದ ದೇಶದಲ್ಲಿ ಮಳೆ, ಪ್ರವಾಹ, ಅಣೆಕಟ್ಟಿನ ಗೇಟು ತೆರೆದ ಸುದ್ದಿಗೆ ಟವರ್ ಸಿಗದ ಕಾಡೂರಿನವರಿಗೆ ಇದೊಂದೇ ದಿಕ್ಕು. ಸರಕಾರ ಅದಕ್ಕೆ ಜನ ಕೊಡುವುದಿಲ್ಲ, ಹಣ ಕೊಡುವುದಿಲ್ಲ. 1977ರಲ್ಲಿ ಆರಂಭವಾದ ಕಲಬುರಗಿ ದೂರದರ್ಶನದ ಭೂಪ್ರಸಾರ ನಿಲ್ಲಿಸಲು 2021ರಲ್ಲಿ ಆದೇಶ ಹೊರಟಿತು. ಖಾಸಗಿಯವರು ಕೊಂಡು ಕೆಡಿಸಿದರೆ ಸರಕಾರ ಕೊಳ್ಳದೆಯೇ ಕೆಡಿಸುತ್ತಿದೆ.

ನಾವು ಕೇಳಬೇಕಾದದ್ದು ಮೂರೇ. ವಾಹಿನಿ ಕೈ ಬದಲಾಗುವ ಮೊದಲು ಆಯಾ ಭಾಷೆಯ ನೋಡುಗರೆದುರು ಬಹಿರಂಗ ವಿಚಾರಣೆ ನಡೆಯಲಿ. ಬಿತ್ತರಿಸಿದ್ದರ ಒಂದು ಪ್ರತಿ ಕನ್ನಡ ನಾಡಿನ ಸಾರ್ವಜನಿಕ ಸಂಗ್ರಹಕ್ಕೆ ಬರಲಿ. ಕಾರವಾರ, ಧಾರವಾಡದ ಆಕಾಶವಾಣಿಗಳಲ್ಲಿ ಖಾಲಿ ಬಿದ್ದ ಕುರ್ಚಿಗಳಿಗೆ ಜನ ಬರಲಿ. ನಮ್ಮ ಲೋಕಸಭಾ ಸದಸ್ಯರು ಮತ ಕೇಳಲು ಕುಳಗಿ ರಸ್ತೆಯಲ್ಲೇ ಬರುತ್ತಾರೆ. ಮುಂದಿನ ಸಲ ಅವರ ಗಾಡಿ ನಿಲ್ಲಿಸಿ ಈ ಮೂರನ್ನೂ ಕೇಳಿ. ಉತ್ತರ ಬರೆದು ಕೊಡುವವರೆಗೆ ಹಾರ ಹಾಕಬೇಡಿ.