ಕೋಟೆಯ ಲೆಕ್ಕದಲ್ಲಿ ಬಿಟ್ಟುಹೋದವರು

ರಾಜಸ್ಥಾನಕ್ಕೆ ಹೋಗಿಬಂದವರ ಬರಹಗಳನ್ನು ನೀವೂ ಓದಿರುತ್ತೀರಿ. ಮೊದಲ ಸಾಲಿನಲ್ಲೇ ‘ವರ್ಣರಂಜಿತ’ ಎಂಬ ಮಾತು ಬಂದುಬಿಡುತ್ತದೆ. ಆಮೇಲೆ ಕೇಸರಿ ಪೇಟ, ಕನ್ನಡಿ ಹೊಲಿದ ಲಂಗ, ಒಂಟೆ ಸವಾರಿ, ಮರಳ ದಿಬ್ಬದ ಮೇಲೆ ಸೂರ್ಯಾಸ್ತ. ನಡುನಡುವೆ ಕೋಟೆ, ಅರಮನೆ, ರಜಪೂತರ ಶೌರ್ಯ. ಬಣ್ಣದ ಬಗ್ಗೆ ನನಗೆ ತಕರಾರಿಲ್ಲ, ಕಣ್ಣಿಗೆ ಅದು ಹಬ್ಬವೇ ಸರಿ. ನನ್ನ ಜಗಳವಿರುವುದು ಆ ವೈಭವಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳದೆ ಮುಂದೆ ಸಾಗುವ ಅಭ್ಯಾಸದ ಜೊತೆ.

ಜೈಪುರದಿಂದಲೇ ಶುರುಮಾಡೋಣ. ಅದು ‘ಗುಲಾಬಿ ನಗರ’ವಾದದ್ದು 1876ರಲ್ಲಿ. ಬ್ರಿಟನ್ನಿನ ಯುವರಾಜ ಬರುತ್ತಾನೆಂದು ಮಹಾರಾಜ ಸವಾಯಿ ರಾಮಸಿಂಗ್ ಊರಿಗೆಲ್ಲ ಆ ಬಣ್ಣ ಹೊಡೆಸಿದ. ಪರಂಪರೆ ಎಂದು ನಾವು ಫೋಟೋ ತೆಗೆದುಕೊಳ್ಳುವುದು ದೊರೆಮಗನ ಸ್ವಾಗತಕ್ಕೆ ಬಳಿದ ಬಣ್ಣದ ಮುಂದೆ. ಇರಲಿ, ಇದರಿಂದ ಯಾರ ಜೀವವೂ ಹೋಗಲಿಲ್ಲ. ಜೋಧಪುರಕ್ಕೆ ಬಂದರೆ ಲೆಕ್ಕ ಭಾರವಾಗುತ್ತದೆ.

ರಾವ್ ಜೋಧಾ 1459ರಲ್ಲಿ ಮೆಹ್ರಾನ್‌ಗಢ ಕೋಟೆಗೆ ಅಡಿಪಾಯ ಹಾಕಿದಾಗ, ಕೋಟೆ ನಿಲ್ಲಲೆಂದು ರಾಜಾರಾಮ್ ಮೇಘವಾಲ್ ಎಂಬವನನ್ನು ಅದರಲ್ಲಿ ಜೀವಂತ ಹೂಳಲಾಯಿತು ಎಂಬುದು ಅಲ್ಲಿ ಎಲ್ಲರೂ ಹೇಳುವ ಕತೆ. ಮೇಘವಾಲರು ದಲಿತ ಸಮುದಾಯದವರು. ‘ಅವನು ತಾನಾಗಿಯೇ ಒಪ್ಪಿ ಬಂದ’ ಎಂದರು ನಮ್ಮ ಗೈಡು. ಗುಂಪಿನವರು ತಲೆದೂಗಿದರು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ಕನ್ನಡಿಗರಿಗೆ ಈ ‘ಒಪ್ಪಿ ಬಂದ’ ಎಂಬ ಮಾತಿನ ಮರ್ಮವನ್ನು ಬೇರೆ ಹೇಳಬೇಕಿಲ್ಲ. ಕಟ್ಟಡ ನಿಲ್ಲಲು ಬಲಿ ಬೇಕೆಂದಾಗ ಅರಸನ ಮಗ ಎಂದೂ ಒಪ್ಪಿ ಬರುವುದಿಲ್ಲ. ಒಪ್ಪುವವರು ಯಾವಾಗಲೂ ಸೊಸೆಯಂದಿರು, ಕೆಳಗಿನವರು. ವ್ಯತ್ಯಾಸ ಇಷ್ಟೇ: ಅಲ್ಲಿ ಊರಿಗೆ ನೀರಾದರೂ ಸಿಕ್ಕಿತು.

ಅದೇ ಕೋಟೆಯ ಲೋಹಾ ಪೋಲ್ ಎಂಬ ಬಾಗಿಲ ಬಳಿ ಗೋಡೆಯ ಮೇಲೆ ಸಾಲಾಗಿ ಅಂಗೈ ಗುರುತುಗಳಿವೆ. ಸತಿ ಹೋದ ರಾಣಿಯರವು. 1843ರಲ್ಲಿ ಮಹಾರಾಜ ಮಾನಸಿಂಗ್ ಸತ್ತಾಗ ಚಿತೆಯೇರಿದ ಹೆಂಗಸರದೂ ಅದರಲ್ಲಿವೆ. ಎಷ್ಟು ಪುಟ್ಟ ಕೈಗಳು! ಅವುಗಳ ಪಕ್ಕ ನಿಂತು ಜನ ನಗುನಗುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕುಂಕುಮ ಹಚ್ಚಿ ಹೂ ಹಾಕಿದ ಕೂಡಲೇ ಕೊಲೆಯೂ ನೋಡತಕ್ಕ ಸ್ಥಳವಾಗುತ್ತದೆ.

ಇನ್ನು ಉಮೈದ್ ಭವನ. 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿದ, 347 ಕೋಣೆಗಳ ಅರಮನೆ. ಈಗ ಅದರ ಒಂದು ಭಾಗ ಐಷಾರಾಮಿ ಹೋಟೆಲು. ಬರಗಾಲದಲ್ಲಿ ಪ್ರಜೆಗಳಿಗೆ ಕೆಲಸ ಕೊಡಲೆಂದು ಕಟ್ಟಿಸಿದ್ದು ಎಂಬುದು ಅದರ ಹೆಗ್ಗಳಿಕೆ. ಸುಳ್ಳಲ್ಲ. ಸಾವಿರಾರು ಜನ ಅಲ್ಲಿ ದುಡಿದರು, ಆ ಕೂಲಿಯಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಕೂಲಿ ಕೊಟ್ಟ ಖಜಾನೆ ತುಂಬಿದ್ದು ಪ್ರಜೆಗಳ ತೆರಿಗೆಯಿಂದಲೇ. ಹದಿನಾಲ್ಕು ವರ್ಷಗಳ ದುಡಿಮೆಯ ಕೊನೆಗೆ ಉಳಿದದ್ದು ಒಂದು ಕುಟುಂಬದ ಮನೆ. ಅದೇ ಅರಸನ ಹೆಸರಿನ ಉಮೈದ್ ಸಾಗರವೆಂಬ ಜಲಾಶಯವೂ ಜೋಧಪುರದಲ್ಲಿದೆ. ಬರದ ನಾಡಿಗೆ ನಿಜವಾಗಿ ಬೇಕಿದ್ದುದು ಅದು. ನಮ್ಮ ಬಸ್ಸು ಅಲ್ಲಿ ನಿಲ್ಲಲಿಲ್ಲ.

ನಿಲ್ಲದ ಇನ್ನೊಂದು ಜಾಗವೆಂದರೆ ಖೇಜಡ್ಲಿ. ಜೋಧಪುರದಿಂದ ಸುಮಾರು 25 ಕಿಲೋಮೀಟರ್. 1730ರಲ್ಲಿ ಮಹಾರಾಜ ಅಭಯಸಿಂಗನ ಹೊಸ ಅರಮನೆಗೆ ಸುಣ್ಣ ಸುಡಲು ಸೌದೆ ಬೇಕಾಯಿತು. ಆಳುಗಳು ಮರ ಕಡಿಯಲು ಬಂದಾಗ ಬಿಷ್ಣೋಯಿ ಸಮುದಾಯದ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಕೊಡಲಿ ಅವಳ ಮೇಲೆ ಬಿತ್ತು. ಅವಳ ಹೆಣ್ಣುಮಕ್ಕಳು ಬಂದರು, ಆಮೇಲೆ ಸುತ್ತಲ ಹಳ್ಳಿಗಳವರು ಬಂದರು. ಸತ್ತವರು 363 ಜನ. ಒಂದು ಅರಮನೆಯ ಸುಣ್ಣಕ್ಕೆ!

ಅವರು ಕಾಯ್ದ ಖೇಜ್ಡಿ ನಮಗೆ ಪರಕೀಯ ಮರವಲ್ಲ. ಅದು ನಮ್ಮ ಬನ್ನಿ. ಮೈಸೂರು ದಸರಾ ಮೆರವಣಿಗೆ ಹೋಗಿ ಮುಟ್ಟುವುದು ಬನ್ನಿಮಂಟಪವನ್ನು. ಉತ್ತರ ಕರ್ನಾಟಕದಲ್ಲಿ ಅದರ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ವರ್ಷಕ್ಕೊಂದು ದಿನ ನಾವು ಬಂಗಾರ ಎನ್ನುವುದನ್ನು ಮರುಭೂಮಿಯವರು ದಿನವೂ ಬದುಕಿದ್ದಾರೆ. ಅದರ ಸೊಪ್ಪು ಒಂಟೆಗೆ, ಆಡಿಗೆ ಮೇವು. ಅದರ ಕಾಯಿ ‘ಸಾಂಗರಿ’ ಮನುಷ್ಯರಿಗೆ ಊಟ. ಹೋಟೆಲಿನ ಥಾಲಿಯಲ್ಲಿ ಕೇರ್ ಸಾಂಗರಿ ಪಲ್ಯವನ್ನು ಚಪ್ಪರಿಸಿದವರಿಗೆ ಆ ಮರದ ಕತೆಯನ್ನು ಯಾರೂ ಹೇಳುವುದಿಲ್ಲ.

‘ರಜೆಗೆ ಹೋದವರು ನಾಲ್ಕು ದಿನ ಖುಷಿಯಾಗಿದ್ದು ಬರಬಾರದೇ? ಹಳೆಯ ನೋವನ್ನೆಲ್ಲ ಕೆದಕುತ್ತಾ ಕೂತರೆ ಯಾವ ಕಟ್ಟಡವನ್ನು ನೋಡಲಾದೀತು?’ ಎಂದು ಸಹಪ್ರಯಾಣಿಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೋಟೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಆ ಕಲ್ಲಿನ ಕೆತ್ತನೆಯಲ್ಲಿ ಹೆಸರಿಲ್ಲದ ಶಿಲ್ಪಿಯ ಕೈಚಳಕವಿದೆ, ಅದನ್ನು ಕಣ್ತುಂಬಾ ನೋಡಬೇಕು. ಆದರೆ ಶೌರ್ಯದ ಕತೆಯೂ ಹಳೆಯದೇ ಅಲ್ಲವೇ? ಹಳೆಯದರಲ್ಲಿ ಅರಸನದನ್ನು ಮಾತ್ರ ಕೇಳುತ್ತೇವೆ, ಆಳಿನದನ್ನು ಕೇಳಿದರೆ ಮಾತ್ರ ರಜೆ ಕೆಡುತ್ತದೆ ಎನ್ನುವುದಾದರೆ ನಾವು ಪ್ರವಾಸಿಗರಲ್ಲ, ಟಿಕೆಟ್ಟು ಕೊಂಡು ಒಳಬಂದ ಹೊಗಳುಭಟರು. ಈ ಮಾತು ಮೈಸೂರು ಅರಮನೆಯ ಮುಂದೆ ನಿಂತಾಗಲೂ ಅಷ್ಟೇ ಸಲ್ಲುತ್ತದೆ.

ಇದೆಲ್ಲ ಮುಗಿದ ಇತಿಹಾಸವೂ ಅಲ್ಲ. ಈಚಿನ ವರ್ಷಗಳಲ್ಲಿ ಬಿಕಾನೇರ್ ಸುತ್ತ ಸೌರ ವಿದ್ಯುತ್ ಸ್ಥಾವರಗಳಿಗಾಗಿ ಖೇಜ್ಡಿ ಮರಗಳನ್ನು ಕಡಿಯುತ್ತಿದ್ದಾರೆಂದು ಜನ ಧರಣಿ ಕೂತದ್ದುಂಟು. ಅಂದು ಅರಮನೆಗೆ ಸುಣ್ಣ ಬೇಕಿತ್ತು, ಇಂದು ನಗರಕ್ಕೆ ಬೆಳಕು ಬೇಕು. ಸೌರಶಕ್ತಿ ಬೇಡವೆಂದು ಯಾರೂ ಹೇಳುತ್ತಿಲ್ಲ. ನಿಮ್ಮ ಬೆಳಕಿಗೆ ನಮ್ಮ ಮರವೇ ಯಾಕೆ ಎಂದಷ್ಟೇ ಅವರ ಪ್ರಶ್ನೆ. ಮೆಹ್ರಾನ್‌ಗಢದಲ್ಲಿ ಸುಮ್ಮನೆ ತಲೆದೂಗಿ ಬಂದವರಿಗೆ ಈ ಪ್ರಶ್ನೆಯೂ ಕೇಳಿಸುವುದಿಲ್ಲ.

ಮುಂದಿನ ಸಲ ಜೋಧಪುರಕ್ಕೆ ಹೋಗುವವರು ಖೇಜಡ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಏರಬೇಕಾದ ಮೆಟ್ಟಿಲಿಲ್ಲ, ಬೆರಗಾಗುವ ಗುಮ್ಮಟವಿಲ್ಲ. ಇರುವುದು ಬನ್ನಿಮರಗಳು ಮತ್ತು ಅವುಗಳಿಗಾಗಿ ಸತ್ತವರ ಸ್ಮಾರಕ. ಮರಳುಗಾಡಿನಲ್ಲಿ ಹಸಿರೂ ಒಂದು ಬಣ್ಣ. ಅದಕ್ಕೆ ತೆತ್ತ ಬೆಲೆ ಎಷ್ಟೆಂದು ಅಲ್ಲಿ ತಿಳಿಯುತ್ತದೆ.