ಏಳು ಚಿಕ್ಕ ಕೂಗು, ಒಂದು ದೊಡ್ಡ ಕೂಗು

ಹುಣಸೂರಿನಲ್ಲಿ ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಶಿಷ್ಯನೊಬ್ಬ ಮೊನ್ನೆ ದೂರವಾಣಿ ಮಾಡಿದ್ದ. ಈಗ ಅವನಿಗೂ ತಲೆ ನರೆತಿದೆ. ಪತ್ನಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲರನ್ನೂ ಕರೆದುಕೊಂಡು ಹಡಗಿನ ವಿಹಾರಕ್ಕೆ ಹೋಗಿ ಬಂದನಂತೆ. ಊಟೋಪಚಾರವನ್ನು ಬಾಯ್ತುಂಬ ಹೊಗಳಿದ. ಕಡೆಗೆ, "ಒಂದೇ ಬೇಸರ ಸಾರ್, ಹತ್ತಿದ ದಿನವೇ ಅದೇನೋ ಸುರಕ್ಷತಾ ಕವಾಯತು ಅಂತ ಅರ್ಧ ಗಂಟೆ ನಿಲ್ಲಿಸಿಬಿಟ್ಟರು. ಅಮ್ಮನಿಗೆ ಕಾಲು ನೋವು. ನಾನು ಜಗಳವಾಡಿ ಅವರನ್ನು ಕೋಣೆಗೆ ಕಳಿಸಿದೆ" ಎಂದ. ಆ ಕೊನೆಯ ವಾಕ್ಯವನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ನಾನು ದೂರವಾಣಿಯಲ್ಲಿ ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದುತ್ತಾನೆಂದು ಬಲ್ಲೆ.

ನಾನೂ ಎರಡು ಸಲ ಹಡಗು ಹತ್ತಿದವನೇ. ಮೊದಲನೆಯದು 2016ರಲ್ಲಿ. ಮಗ ನಮ್ಮಿಬ್ಬರನ್ನೂ ಸಿಯಾಟಲ್‌ಗೆ ಕರೆಸಿಕೊಂಡು ಅಲ್ಲಿಂದ ಅಲಾಸ್ಕಾಕ್ಕೆ ಕರೆದೊಯ್ದಿದ್ದ. ಹಡಗು ದಡ ಬಿಡುವ ಮುನ್ನ ಗಂಟೆಯ ಸದ್ದಾಯಿತು: ಏಳು ಚಿಕ್ಕ ಕೂಗು, ಕಡೆಗೊಂದು ದೊಡ್ಡ ಕೂಗು. ಲೋಕದ ಯಾವ ಪ್ರಯಾಣಿಕ ಹಡಗಿನಲ್ಲಿಯೂ ತುರ್ತಿನ ಸಂಜ್ಞೆ ಇದೇ ಎಂದು ಆಮೇಲೆ ತಿಳಿಯಿತು. ನಮ್ಮ ಚೀಟಿಯಲ್ಲಿ ಬರೆದಿದ್ದ ಜಾಗ ನಾಟಕಶಾಲೆಯ ಎಡ ಬಾಗಿಲ ಬಳಿ. ಸಾಲಾಗಿ ಮೆಟ್ಟಿಲಿಳಿದು ಹೋದೆವು. ಲಿಫ್ಟ್ ಬಳಸುವಂತಿರಲಿಲ್ಲ. ಸುತ್ತಲಿದ್ದವರಲ್ಲಿ ಕೆಲವರು ಮದ್ಯದ ಲೋಟ ಹಿಡಿದೇ ಬಂದಿದ್ದರು, ಕೆಲವರು ಗೊಣಗುತ್ತಿದ್ದರು, ಒಬ್ಬ ಮಹನೀಯರು ನಿಂತಲ್ಲೇ ತೂಕಡಿಸುತ್ತಿದ್ದರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಎಂಟನೆಯ ತರಗತಿಗೂ ಆ ಗುಂಪಿಗೂ ನನಗೆ ಯಾವ ಭೇದವೂ ಕಾಣಲಿಲ್ಲ.

ಹೇಳುತ್ತಿದ್ದುದೆಲ್ಲ ಇಂಗ್ಲಿಷಿನಲ್ಲಿ. ನನ್ನ ಮಡದಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಅದನ್ನು ಗಮನಿಸಿದ ಹಡಗಿನ ಹೆಣ್ಣುಮಗಳೊಬ್ಬಳು ನಗುತ್ತ ಬಂದು, ಕಿತ್ತಳೆ ಬಣ್ಣದ ಜೀವರಕ್ಷಕ ಕವಚವನ್ನು ಸೀರೆಯ ಸೆರಗಿನ ಮೇಲೆಯೇ ತೊಡಿಸಿ, ಪಟ್ಟಿಯನ್ನು ಸೊಂಟದ ಸುತ್ತ ತಂದು ಬಿಗಿದು, ಬಿಚ್ಚಿ, ಮತ್ತೆ ಅವಳ ಕೈಯಿಂದಲೇ ಬಿಗಿಸಿದಳು. ಭಾಷೆಯ ಹಂಗಿಲ್ಲದ ಆ ಪಾಠವನ್ನು ನೋಡಿ ಮೂವತ್ತು ವರ್ಷ ಪಾಠ ಹೇಳಿದ ನಾನು ತಲೆಬಾಗಿದೆ.

ಎರಡನೆಯ ಸಲ 2023ರಲ್ಲಿ. ಕೊರೋನಾ ಬಂದು ಹೋಗಿತ್ತು. ಜನರನ್ನು ಒಂದೆಡೆ ಗುಂಪುಗೂಡಿಸಬಾರದೆಂದು 2020ರ ಸುಮಾರಿಗೆ ಕೆಲವು ಹಡಗು ಕಂಪನಿಗಳು ಹೊಸದೊಂದು ಪದ್ಧತಿ ತಂದಿದ್ದವು: ಮೊಬೈಲ್ ಫೋನಿನಲ್ಲಿಯೋ ಕೋಣೆಯ ದೂರದರ್ಶನದಲ್ಲಿಯೋ ಚಿತ್ರ ನೋಡುವುದು, ಬಿಡುವಾದಾಗ ತಮ್ಮ ಜಾಗಕ್ಕೆ ಹೋಗಿ ಚೀಟಿ ತೋರಿಸಿ ಬರುವುದು. ಮುದುಕರ ಮೊಣಕಾಲಿಗೆ ಇದು ವರದಾನವೇ ಸರಿ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕೋಣೆಯಲ್ಲಿ ನಡೆದದ್ದು ಇಷ್ಟು: ಮಗ ನಾಲ್ವರ ಪರವಾಗಿಯೂ ತಾನೊಬ್ಬನೇ ಫೋನಿನ ಮೇಲೆ ಬೆರಳೊತ್ತಿ, ಚಿತ್ರ ಓಡುತ್ತಿರಲು ಬಿಟ್ಟು, ಪೆಟ್ಟಿಗೆ ಬಿಚ್ಚತೊಡಗಿದ. ಆಮೇಲೆ ಮೊಮ್ಮಗಳನ್ನು ಅಟ್ಟಿಸಿಕೊಂಡು ಹೋಗುತ್ತಲೇ ಚೀಟಿ ತೋರಿಸಿ ಬಂದೆವು. ಮೂರನೆಯ ದಿನ ನಾನು ಮೇಷ್ಟರ ಚಾಳಿಯಂತೆ ಮಡದಿಯನ್ನು ಕೇಳಿದೆ, "ಗಂಟೆ ಹೊಡೆದರೆ ಎಲ್ಲಿಗೆ ಹೋಗಬೇಕು?" ಅವಳು ಯೋಚಿಸಿ, "ನಾಟಕಶಾಲೆಯ ಎಡ ಬಾಗಿಲು" ಎಂದಳು. ಅದು ಏಳು ವರ್ಷ ಹಿಂದಿನ ಹಡಗಿನ ಉತ್ತರ! ಈ ಹಡಗಿನದು ಅವಳಿಗೂ ಗೊತ್ತಿರಲಿಲ್ಲ. ನಿಜ ಹೇಳುವುದಾದರೆ, ನನಗೂ ಗೊತ್ತಿರಲಿಲ್ಲ.

ಕಾಲು ನಡೆದು ಕಲಿತದ್ದು ಬೇರೆ, ಕಣ್ಣು ಸವರಿಹೋದದ್ದು ಬೇರೆ. ಆದ್ದರಿಂದ ಹಳೆಯ ಪದ್ಧತಿಯೇ ಮೇಲೆಂಬುದು ನನ್ನ ಮತ. ಕುರ್ಚಿ ಹಾಕಿ ಕೂರಿಸಲಿ, ಹತ್ತು ನಿಮಿಷಕ್ಕೆ ಮುಗಿಸಲಿ, ಬೇಡವೆನ್ನುವುದಿಲ್ಲ. ಆದರೆ ಎಲ್ಲರೂ ಒಮ್ಮೆ ಆ ಜಾಗಕ್ಕೆ ನಡೆದು ಹೋಗಿ ಒಬ್ಬರನ್ನೊಬ್ಬರು ನೋಡಬೇಕು.

ಈ ಕವಾಯತು ಯಾರದೋ ಅಧಿಕಾರದ ದರ್ಪದಿಂದ ಹುಟ್ಟಿದ್ದಲ್ಲ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿ ಸುಮಾರು 1500 ಜನ ಸತ್ತ ಕಥೆ ನಿಮಗೆಲ್ಲ ಗೊತ್ತು. ರಕ್ಷಣಾ ದೋಣಿಗಳು ಸಾಲದೆ ಹೋದವೆಂಬುದನ್ನೂ ಬಲ್ಲಿರಿ. ಇದ್ದ ದೋಣಿಗಳೂ ತುಂಬದೆ ಹೋದವೆಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. 40 ಜನ ಹಿಡಿಯುವ ಒಂದನೆಯ ದೋಣಿ ಇಳಿದದ್ದು 12 ಜನರನ್ನು ಹೊತ್ತು! ಯಾರು ಎಲ್ಲಿಗೆ ಹೋಗಬೇಕೆಂದು ಯಾರಿಗೂ ಹೇಳಿರಲಿಲ್ಲ. ಹಡಗಿನಲ್ಲಿ ಜೀವರಕ್ಷಣೆಯ ಬಗ್ಗೆ ದೇಶದೇಶಗಳು ಕೂಡಿ ಮೊದಲ ಒಪ್ಪಂದ ಮಾಡಿಕೊಂಡದ್ದು ಅದಾದ ಮೇಲೆ, 1914ರಲ್ಲಿ, ಲಂಡನ್ನಿನಲ್ಲಿ.

ಅಷ್ಟು ಹಿಂದಕ್ಕೇಕೆ, 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿತು. ಹಡಗಿನಲ್ಲಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು, ಸತ್ತವರು 32. ಅಂದು ಸಂಜೆಯಷ್ಟೇ ಚಿವಿಟಾವೆಕ್ಕಿಯಾ ಬಂದರಿನಲ್ಲಿ ಹತ್ತಿದ ಸುಮಾರು ಏಳುನೂರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗಿನ ನಿಯಮ. ಬಂಡೆ ಇಪ್ಪತ್ತನಾಲ್ಕು ಗಂಟೆ ಕಾಯಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2015ರ ಜನವರಿ 1ರಿಂದ. ಆ ಹಡಗಿನಲ್ಲಿ ಕಟ್ಟಕಡೆಗೆ ಸಿಕ್ಕ ಶವ ನಮ್ಮ ದೇಶದ ಒಬ್ಬ ಪರಿಚಾರಕನದು. ದೊರೆತದ್ದು 2014ರ ನವೆಂಬರಿನಲ್ಲಿ. ತನ್ನ ಕವಚವನ್ನು ಅವನು ಬೇರೊಬ್ಬರಿಗೆ ಕೊಟ್ಟಿದ್ದನೆಂದು ಪತ್ರಿಕೆಗಳಲ್ಲಿ ಬಂದಿತ್ತು. ತಾಯಿಯನ್ನು ಕೋಣೆಗೆ ಕಳಿಸಲು ನನ್ನ ಶಿಷ್ಯ ಜಗಳವಾಡಿದ್ದು ಅಂಥದೇ ಒಬ್ಬ ಪರಿಚಾರಕನೊಡನೆ ಅಲ್ಲವೇ ಎಂದು ನನಗನ್ನಿಸಿತು.

ಇಷ್ಟು ಓದಿ, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಕೂತಿರುವ ನಮಗೆ ಹಡಗಿನ ಮಾತೇಕೆ ಎನ್ನುವವರಿರಬಹುದು. ನಮ್ಮ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ನೀರಿಗೇನು ಬರವೇ? ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ. ಹೆಗ್ಗಡದೇವನಕೋಟೆ ಒಂದರಲ್ಲೇ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯ. ಸೇತುವೆಗಳು ಬರುವ ಮೊದಲು ಹರಿಗೋಲಿಲ್ಲದೆ ಎಷ್ಟೋ ಹಳ್ಳಿಗಳಿಗೆ ಸಂತೆಯಿಲ್ಲ, ಶಾಲೆಯಿಲ್ಲ. ಡಿ.ಬಿ. ಕುಪ್ಪೆಯವರು ಎದುರು ದಡದ ಕೇರಳದ ಪೆರಿಕ್ಕಲ್ಲೂರಿಗೆ ದೋಣಿಯಲ್ಲಿ ಹೋಗಿಬರುವುದನ್ನು ನಾನೇ ನೋಡಿದ್ದೇನೆ. ಕವಾಯತು ಎಂಬುದನ್ನು ನಾನು ಮೊದಲು ಕಂಡದ್ದೂ ಅಲಾಸ್ಕಾದ ಹಡಗಿನಲ್ಲಲ್ಲ, ಕಾವೇರಿಯ ಒಂದು ಕಡವಿನಲ್ಲಿ. ಅದನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ.

ನಾನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಒಂಬತ್ತನೆಯ ತರಗತಿಯ ಏಳು ಹುಡುಗರನ್ನು ಕರೆದುಕೊಂಡು ಆಚೆ ದಡದ ಊರೊಂದರ ಶಾಲೆಗೆ ಭಾಷಣ ಸ್ಪರ್ಧೆಗೆಂದು ಹೊರಟಿದ್ದೆ. ಮಳೆಗಾಲ ಮುಗಿದು ಅವರೆಕಾಯಿ ಸೊಗಡು ಹಿಡಿಯುವ ದಿನಗಳು. ನೀರು ತಿಳಿಯಾಗಿತ್ತು, ಆದರೆ ಸೆಳೆತ ಕಡಿಮೆಯಾಗಿರಲಿಲ್ಲ. ಹರಿಗೋಲಿನ ಅಂಬಿಗ ಮುದುಕ. ಬಿದಿರ ಹೆಣಿಗೆಯ ಆ ದುಂಡು ಬುಟ್ಟಿಗೆ ನಾವೆಲ್ಲ ಇಳಿದು ಕೂತ ಮೇಲೆ, ಹುಟ್ಟನ್ನು ಅಡ್ಡ ಹಿಡಿದು ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದ. "ಏಳಬ್ಯಾಡಿ. ಒಂದೇ ಮಗ್ಗುಲಿಗೆ ವಾಲಬ್ಯಾಡಿ. ಏನಾದ್ರೂ ಆದ್ರೆ ನನ್ನ ಹಿಡೀಬ್ಯಾಡಿ, ಹರಿಗೋಲಿನ ಅಂಚು ಹಿಡೀರಿ" ಎಂದ. ಆಮೇಲೆ ಹುಡುಗರ ಬಾಯಿಂದ ಅದನ್ನೇ ಹೇಳಿಸಿದ. ನನ್ನ ಬಾಯಿಂದಲೂ ಹೇಳಿಸಲು ನೋಡಿದ. ಹೊಸ ಮೇಷ್ಟರಾದ ನನಗೆ ಹುಡುಗರ ಮುಂದೆ ಅವಮಾನವಾದಂತಾಗಿ, "ಆಯ್ತಪ್ಪ, ಹೊರಡು" ಎಂದು ಗದರಿದೆ. ದಿನವೂ ದಾಟುವ ಒಬ್ಬ ಹೆಂಗಸು, ತಲೆಯ ಮೇಲಿನ ಕುಕ್ಕೆಯನ್ನು ಮಡಿಲಿಗಿಳಿಸಿಕೊಂಡು, ತಾನೂ ಆ ಮೂರು ಮಾತನ್ನು ಜಪದಂತೆ ಹೇಳಿದಳು. ನಾನೊಬ್ಬನೇ ಹೇಳದವನು.

ನಡುಹೊಳೆಯಲ್ಲಿ ಬಂಡೆಯೊಂದರ ಮೇಲೆ ನೀರುನಾಯಿಗಳ ಗುಂಪು ಕಾಣಿಸಿತು. ಐದಾರಿದ್ದವು, ಮರಿಗಳೂ ಇದ್ದವು. ಅದುವರೆಗೆ ಚಿತ್ರದಲ್ಲಷ್ಟೇ ನೋಡಿದ್ದ ನಾನು ಮೈಮರೆತು ಎದ್ದು ನಿಂತು, "ಅಲ್ಲಿ ನೋಡಿರೋ!" ಎಂದು ಕೂಗಿದೆ. ಮೇಷ್ಟರೇ ಎದ್ದ ಮೇಲೆ ಹುಡುಗರೇಕೆ ಕೂರುತ್ತಾರೆ? ಏಳೂ ಮಂದಿ ಒಂದೇ ಮಗ್ಗುಲಿಗೆ ಬಂದರು. ಹರಿಗೋಲು ವಾಲಿತು, ಅಂಚಿನ ಮೇಲಿಂದ ನೀರು ನುಗ್ಗಿತು, ಒಬ್ಬ ಹುಡುಗ ಸದ್ದಿಲ್ಲದೆ ಜಾರಿ ಹೋದ. ಸದ್ದಿಲ್ಲದೆ ಎಂದು ಬೇಕೆಂದೇ ಬರೆದಿದ್ದೇನೆ. ಮುಳುಗುವವರು ಕೂಗುತ್ತಾರೆಂದು ನಾವು ತಿಳಿದಿರುತ್ತೇವೆ. ಅವನು ಕೂಗಲಿಲ್ಲ. ಆದರೆ ಅವನ ಎರಡೂ ಕೈ ಹರಿಗೋಲಿನ ಅಂಚಿನ ಮೇಲಿತ್ತು! ಮುದುಕ ಹೇಳಿಸಿದ ಮೂರನೆಯ ಮಾತು. ಅಂಬಿಗ ಹುಟ್ಟನ್ನು ಒಳಕ್ಕೆಸೆದು, ಎದುರು ಬದಿಗೆ ಭಾರ ಹಾಕಲು ಹೆಂಗಸಿಗೆ ಕೂಗಿ, ಹುಡುಗನ ಅಂಗಿಯ ಕೊರಳು ಹಿಡಿದು ಎಳೆದುಕೊಂಡ. ನಾನು ಏನು ಮಾಡುತ್ತಿದ್ದೆ? ನಿಂತೇ ಇದ್ದೆ.

ದಡ ಸೇರಿದ ಮೇಲೆ ಅಂಬಿಗ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಹುಡುಗನ ಅಂಗಿ ಹಿಂಡಿ ಬಂಡೆಯ ಮೇಲೆ ಹರವಿದ, ಅಷ್ಟೇ. "ಮನೆಯಲ್ಲಿ ಹೇಳಬೇಡಿ" ಎಂದು ಹುಡುಗರಿಗೆ ನಾನೇ ಹೇಳಿದೆ. ಮುಖ್ಯೋಪಾಧ್ಯಾಯರಿಗೂ ತಿಳಿಸಲಿಲ್ಲ. ಎರಡು ದಿನ ಬಿಟ್ಟು ಆ ಹುಡುಗನ ತಾಯಿ, ಮಗನನ್ನು ಸ್ಪರ್ಧೆಗೆ ಕರೆದೊಯ್ದ ಉಪಕಾರಕ್ಕೆಂದು ಒಂದು ಚೀಲ ಅವರೆಕಾಯಿ ಕಳಿಸಿದ್ದರು. ಅದನ್ನು ಬೇಡವೆನ್ನಲು ಕಾರಣ ಹೇಳಬೇಕಿತ್ತು. ಹೇಳಲಾರದೆ ತೆಗೆದುಕೊಂಡೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 45 ಜನ ಸತ್ತರು. ದಡದಲ್ಲಿದ್ದ ಕಾಡುಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಬದಿಗೆ ಹೋದರೆಂದು ಪತ್ರಿಕೆಯಲ್ಲಿ ಓದಿದೆ. ದೋಣಿಯ ನಿರ್ಮಾಣದಲ್ಲೇ ದೋಷವಿತ್ತೆಂಬ ಮಾತೂ ಮುಂದೆ ಬಂತು. ನನಗೆ ಮಾತ್ರ ಆ ಪತ್ರಿಕೆಯನ್ನು ಪೂರ್ತಿ ಓದಲಾಗಲಿಲ್ಲ. ಆಮೇಲೆ ನಮ್ಮ ಕಾರವಾರದಲ್ಲಿ, 2019ರ ಜನವರಿ 21ರಂದು, ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಮಕ್ಕಳೂ ಸೇರಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಎರಡರಲ್ಲೂ ಮಿತಿಗಿಂತ ಹೆಚ್ಚು ಜನರನ್ನು ತುಂಬಿದ್ದರೆಂಬುದೇ ದೂರು. ಅಂಥ ಕಡೆ ಬರಿಯ ಕವಾಯತಿನಿಂದ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಕವಾಯತು ಮಾಡಬೇಕಾದವನು ಮೊದಲು ತಲೆ ಎಣಿಸಬೇಕಾಗುತ್ತದೆ, ಎಣಿಸಿದವನಿಗೆ ಹೆಚ್ಚಾದದ್ದು ಕಾಣದೆ ಇರದು.

ಹೋದ ವರ್ಷ ನೆಂಟರೊಡನೆ ಒಂದು ಹಿನ್ನೀರಿನಲ್ಲಿ ದೋಣಿ ಹತ್ತಿದ್ದೆ. ಯಾವ ಜಲಾಶಯ, ಯಾರ ದೋಣಿ ಎಂಬುದು ಇಲ್ಲಿ ಬೇಡ. ಕವಚಗಳನ್ನು ಎಲ್ಲರಿಗೂ ಕೊಟ್ಟರು, ಅದು ಒಳ್ಳೆಯದೇ. ಆದರೆ ಪಟ್ಟಿ ಹೇಗೆ ಬಿಗಿಯಬೇಕೆಂದು ಯಾರೂ ತೋರಿಸಲಿಲ್ಲ. ನಮ್ಮವರು ಅದನ್ನು ಶಾಲಿನಂತೆ ಹೆಗಲ ಮೇಲೆ ಹಾಕಿಕೊಂಡರು. ಒಬ್ಬರು ಮಡಿಸಿ ಅಡಿಗೆ ಹಾಕಿಕೊಂಡು ಕೂತರು, ಆಸನ ಗಟ್ಟಿಯಾಗಿತ್ತಂತೆ. ಪಟ್ಟಿ ಬಿಗಿಯದ ಕವಚ ನೀರಿಗೆ ಬಿದ್ದ ಕ್ಷಣ ಮೇಲಕ್ಕೆ ಜಾರಿ ತಲೆಯಿಂದ ಕಳಚಿಹೋಗುತ್ತದೆ. ಹಕ್ಕಿಗಳ ಬಗ್ಗೆ, ಆನೆಗಳ ಬಗ್ಗೆ ಆ ದೋಣಿಯ ಹುಡುಗ ಸೊಗಸಾಗಿ ವಿವರಿಸಿದ. ಅವನ ಜ್ಞಾನಕ್ಕೆ ನಾನು ಮನಸಾರೆ ಮೆಚ್ಚಿದೆ. ಎಡದಂಡೆಯಲ್ಲಿ ಆನೆ ಕಂಡಾಗ ಅರ್ಧ ದೋಣಿ ಎದ್ದು ನಿಂತಿತು. ನಾನು, "ಕೂತ್ಕೊಳ್ಳಿ! ಎಲ್ಲರೂ ಕೂತ್ಕೊಳ್ಳಿ!" ಎಂದು ಅರಚಿದೆ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೊಮ್ಮಗಳಿಗೆ ನಾಚಿಕೆಯಾಯಿತಂತೆ, ಮನೆಗೆ ಬಂದು ಅವಳ ಅಜ್ಜಿಯ ಹತ್ತಿರ ದೂರಿದಳು.

ಹೊಸ ಕಾನೂನು ಇಲ್ಲವೆಂದಲ್ಲ. 1917ರ ಒಳನಾಡು ಹಡಗುಗಳ ಕಾಯಿದೆಯ ಬದಲಿಗೆ 2021ರಲ್ಲಿ ಹೊಸ ಕಾಯಿದೆಯೇ ಬಂದಿದೆ. ನಾನು ಕೇಳುತ್ತಿರುವುದು ಅದಕ್ಕಿಂತ ಅಗ್ಗದ್ದು. ನಮ್ಮ ಹಿನ್ನೀರು, ಕಡವು, ಕೆರೆ ಎಲ್ಲೇ ಆಗಲಿ, ಹಗ್ಗ ಬಿಚ್ಚುವ ಮುನ್ನ ದೋಣಿಯವನು ತಲೆ ಎಣಿಸಿ, ಒಬ್ಬರಿಗೆ ಪಟ್ಟಿ ಬಿಗಿದು ತೋರಿಸಿ, ಮೂರು ಮಾತನ್ನು ಕನ್ನಡದಲ್ಲಿ ಹೇಳಿ, ಹತ್ತಿದವರಿಂದ ಹೇಳಿಸಲಿ. ಎರಡು ನಿಮಿಷದ ಕೆಲಸ. ಹೇಳಲು ಒಪ್ಪದ ಮೇಷ್ಟರೊಬ್ಬರಿದ್ದರೆ ಅವರನ್ನು ದಡದಲ್ಲೇ ಬಿಟ್ಟು ಹೊರಡಲಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜನ ನಾವು. ದಾಟುವ ಮುಂಚೆಯೇ ಹಂಗು ಹರಿದುಕೊಂಡವನು ನಾನು.

ಇನ್ನು ನನ್ನ ಶಿಷ್ಯನಿಗೆ: ಮುಂದಿನ ಸಲ ನಿನ್ನ ತಾಯಿಗೆ ಕುರ್ಚಿ ಕೇಳಿ ತರಿಸು, ಆ ಜಾಗಕ್ಕೆ ಕೈಹಿಡಿದು ಕರೆದೊಯ್ಯಿ, ಪಟ್ಟಿಯನ್ನು ಅವರ ಕೈಯಿಂದಲೇ ಒಮ್ಮೆ ಬಿಗಿಸು. ಜಗಳವಾಡುವ ಉತ್ಸಾಹ ಉಳಿದಿದ್ದರೆ ಕುರ್ಚಿಗಾಗಿ ಆಡು.

ಅಂದು ನೀರಿಗೆ ಬಿದ್ದ ಹುಡುಗನ ಹೆಸರನ್ನು ಬರೆದಿಲ್ಲ. ಅವನು ಈಗ ಅಜ್ಜನಾಗಿದ್ದಾನೆಂದು ಕೇಳಿದ್ದೇನೆ. ಅವನ ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ನಾನು ಹೇಳಲೇ ಇಲ್ಲ. ಅವನು ಇದನ್ನು ಓದಿದರೆ, ಒಮ್ಮೆ ಮನೆಗೆ ಬರಲಿ.